ಸೋಲು ಖಚಿತ ಅಂತ ಗೊತ್ತಿದ್ದೂ ನ್ಯಾಯಮೂರ್ತಿಗಳು ಬೇರೆ ತೀರ್ಪು ಬರೆಯೋದು ಯಾಕೆ?

ಪ್ರಶ್ನೆ: ನಾನು ಮದ್ದೂರು ಕಡೆಯವನು. ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ನಿರ್ದೇಶಕನಾಗಿದ್ದೇನೆ. ಸಭೆಯಲ್ಲಿ ಎಷ್ಟೇ ಜಟಾಪಟಿ ಆಗಲಿ, ನಡಾವಳಿಯಲ್ಲಿ ಮಾತ್ರ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಅಂತಲೇ ಬರೆಯುತ್ತಾರೆ. ಮಗಳು ಮೈಸೂರಿನಲ್ಲಿ ಕಾನೂನು ಓದುತ್ತಿದ್ದಾಳೆ. ನೋಟು ರದ್ದತಿ ಕೇಸಿನಲ್ಲಿ ನಾಲ್ವರು ಒಂದು ಕಡೆ, ನ್ಯಾಯಮೂರ್ತಿ ನಾಗರತ್ನ ಒಬ್ಬರೇ ಇನ್ನೊಂದು ಕಡೆ ಅಂತ ಅವಳು ಹೇಳಿದಳು. ಸೋಲೋದು ಗೊತ್ತಿದ್ದ ಮೇಲೆ ಅಷ್ಟುದ್ದ ಬರೆದು ಊರಿಗೆಲ್ಲ ಸಾರೋದು ಯಾಕೆ? ಒಳಗೇ ಹೇಳಿ ಸುಮ್ಮನಾಗಬಹುದಿತ್ತಲ್ಲ? ಇದರಿಂದ ಕೋರ್ಟಿನ ಮರ್ಯಾದೆ ಹೋಗಲ್ವಾ?

ಉತ್ತರ: ಒಳಗೆ ಹೇಳಿರುತ್ತಾರೆ ಸ್ವಾಮಿ. ಅಲ್ಲಿ ಕೆಲಸ ಆಗದೆ ಹೋದಾಗ ಮಾತ್ರ ಅದು ಹೊರಗೆ ಬರುತ್ತದೆ. ನಿಮಗೂ ನನಗೂ ಕಾಣೋದು ಕೊನೆಯ ಹಂತ ಅಷ್ಟೇ.

ವಾದ ಮುಗಿದ ಮೇಲೆ ತೀರ್ಪು ಕಾಯ್ದಿರಿಸುತ್ತಾರೆ. ಪೀಠದಲ್ಲಿ ಒಬ್ಬರು ಕರಡು ಬರೆಯುತ್ತಾರೆ, ಅದು ಉಳಿದವರ ಮನೆಗೆ ಹೋಗುತ್ತದೆ. ಪೂರ್ತಿ ಒಪ್ಪಿದವರು ಸಹಿ ಹಾಕುತ್ತಾರೆ. ಫಲಿತಾಂಶ ಒಪ್ಪಿ ಕಾರಣ ಒಪ್ಪದವರು ಸಹಮತದ ತೀರ್ಪು ಅಂತ ಬೇರೆ ಬರೆಯುತ್ತಾರೆ. ಫಲಿತಾಂಶವೇ ಒಪ್ಪದವರು ಬರೆಯೋದು ಭಿನ್ನ ತೀರ್ಪು. ಈ ಓಡಾಟದ ನಡುವೆ ಒಂದು ಕೆಲಸ ಸದ್ದಿಲ್ಲದೆ ನಡೆಯುತ್ತದೆ: ‘ಈ ಪ್ಯಾರಾ ಹೀಗೇ ಇದ್ದರೆ ನಾನು ಬೇರೆ ಬರೆಯಬೇಕಾಗುತ್ತದೆ’ ಅಂತ ಒಬ್ಬರು ಹೇಳಿದರೆ ಸಾಕು, ಕರಡು ಬರೆದವರು ಆ ಪ್ಯಾರಾವನ್ನು ಇನ್ನೊಮ್ಮೆ ಓದುತ್ತಾರೆ, ಎಷ್ಟೋ ಸಲ ಅದನ್ನು ಮೆತ್ತಗೆ ಮಾಡುತ್ತಾರೆ ಇಲ್ಲವೇ ತೆಗೆದೇ ಬಿಡುತ್ತಾರೆ. ಹೊರಗೆ ಬರೆಯುವ ಹಕ್ಕು ಇಲ್ಲದಿದ್ದರೆ ಒಳಗಿನ ಆ ಮಾತಿಗೆ ಕಿಮ್ಮತ್ತೇ ಇರುವುದಿಲ್ಲ. ‘ಆಯ್ತು ಬಿಡಿ, ನೋಡೋಣ’ ಅಂತ ಮುಂದಕ್ಕೆ ಹೋಗುತ್ತಾರೆ. ನಿಮ್ಮ ಸಭೆಯಲ್ಲಿ ಆಗುತ್ತಿರುವುದು ಅದೇ ಅಲ್ವಾ?

ಸಂವಿಧಾನ ಬರೆದವರು ಇದನ್ನು ಯೋಚಿಸಿಯೇ ಬರೆದಿದ್ದಾರೆ. 145ನೇ ವಿಧಿಯ 5ನೇ ಖಂಡ ನೋಡಲು ಹೇಳಿ ಮಗಳಿಗೆ. ಬಹುಮತವಿಲ್ಲದೆ ಸುಪ್ರೀಂ ಕೋರ್ಟ್ ತೀರ್ಪು ಕೊಡುವಂತಿಲ್ಲ, ಆದರೆ ಒಪ್ಪದ ನ್ಯಾಯಮೂರ್ತಿ ತನ್ನ ಭಿನ್ನ ತೀರ್ಪು ಕೊಡುವುದನ್ನು ಈ ಖಂಡ ತಡೆಯುವುದಿಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ. ಎಲ್ಲ ದೇಶದಲ್ಲೂ ಹೀಗಿಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ಅಪೀಲುಗಳು ಹೋಗುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂದೇ ದನಿಯಲ್ಲಿ ಮಾತಾಡುತ್ತಿತ್ತು. ಭಿನ್ನಮತ ಪ್ರಕಟಿಸಲು ಅಲ್ಲಿ ಅವಕಾಶ ಸಿಕ್ಕಿದ್ದು 1966ರಲ್ಲಿ. ಜರ್ಮನಿಯ ಸಂವಿಧಾನ ನ್ಯಾಯಾಲಯದಲ್ಲಿ 1970ರಲ್ಲಿ. ಲಕ್ಸಂಬರ್ಗ್‌ನಲ್ಲಿರುವ ಯುರೋಪಿಯನ್ ಒಕ್ಕೂಟದ ಕೋರ್ಟಿನಲ್ಲಿ ಇವತ್ತಿಗೂ ಇಲ್ಲ. ಯಾರು ಯಾವ ಕಡೆ ಇದ್ದರು ಅನ್ನೋದೇ ಗುಟ್ಟು. ಅದಕ್ಕೊಂದು ಒಳ್ಳೆ ಕಾರಣವೂ ಇದೆ. ಅಲ್ಲಿನ ನ್ಯಾಯಾಧೀಶರಿಗೆ ಆರು ವರ್ಷದ ಅವಧಿ, ಅದು ಮುಗಿದ ಮೇಲೆ ಮುಂದುವರಿಸಬೇಕೋ ಬೇಡವೋ ಅನ್ನೋದರಲ್ಲಿ ಅವರವರ ದೇಶದ ಸರ್ಕಾರದ ಕೈ ಇರುತ್ತದೆ. ನಮ್ಮ ವಿರುದ್ಧ ಬರೆದ ಅಂತ ಗೊತ್ತಾದರೆ ಊರಿಗೆ ವಾಪಸ್ ಕರೆಸಿಕೊಳ್ಳಬಹುದು. ನಮ್ಮ ಸುಪ್ರೀಂ ಕೋರ್ಟಿನಲ್ಲಿ 65 ವರ್ಷದ ತನಕ ಕುರ್ಚಿ ಗಟ್ಟಿ, ಹಾಗಾಗಿ ಆ ಭಯ ಇರಬಾರದು. ನಿವೃತ್ತಿ ಆದಮೇಲಿನ ಹುದ್ದೆಗಳ ವಿಚಾರ ಬೇರೆ, ಅದನ್ನು ಇಲ್ಲಿ ಎತ್ತಿದರೆ ಇದು ಮುಗಿಯುವುದಿಲ್ಲ.

ಹಾಗಾದರೆ ಯಾರಿಗಾಗಿ ಬರೆಯುತ್ತಾರೆ? ಪಕ್ಕದಲ್ಲಿ ಕೂತವರಿಗಾಗಿ ಅಲ್ಲ. ಅವರನ್ನು ಒಪ್ಪಿಸುವ ಪ್ರಯತ್ನ ಮುಗಿದಿರುತ್ತದೆ. ಓದುವವರು ಬೇರೆಯವರು, ಕೆಲವು ಸಲ ಅವರು ಇನ್ನೂ ಹುಟ್ಟಿರುವುದೂ ಇಲ್ಲ.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಖನ್ನಾ ಅವರ ಕಥೆ ಕೇಳಿರುತ್ತೀರಿ, ಆದರೂ ಬಿಡಿಸಿ ಹೇಳುತ್ತೇನೆ. ತುರ್ತು ಪರಿಸ್ಥಿತಿಯಲ್ಲಿ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದ್ದರು. ಅವರ ಪರವಾಗಿ ಕೋರ್ಟಿಗೆ ಹೋಗಬಹುದೇ ಅನ್ನೋದು ಪ್ರಶ್ನೆ. ಒಂಬತ್ತು ಹೈಕೋರ್ಟುಗಳು, ನಮ್ಮ ಕರ್ನಾಟಕ ಹೈಕೋರ್ಟೂ ಸೇರಿ, ಹೋಗಬಹುದು ಅಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಬಂತು. ವಾದ ನಡೆಯುವಾಗ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಮಾತು ಕೇಳಿದರು: ಒಬ್ಬ ಪೊಲೀಸ್ ತನ್ನ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ, ನಿಮ್ಮ ವಾದದ ಪ್ರಕಾರ ಅದಕ್ಕೂ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ, ಅಂತ ಡೇ ಉತ್ತರ ಕೊಟ್ಟರು. ಇಷ್ಟನ್ನು ಕಿವಿಯಾರೆ ಕೇಳಿದ ಮೇಲೂ 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರ ಬರೆದರು. ಖನ್ನಾ ಒಬ್ಬರೇ ಉಳಿದರು. ಈ ತೀರ್ಪಿನಿಂದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕೈತಪ್ಪುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು, ತಂಗಿಯ ಹತ್ತಿರ ಹಾಗಂತ ಹೇಳಿಯೂ ಇದ್ದರು. ಹಾಗೇ ಆಯಿತು. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಖನ್ನಾ ರಾಜೀನಾಮೆ ಕೊಟ್ಟು ಹೊರಟರು.

ಆ ಹೊತ್ತಿಗೆ ನೋಡಿದರೆ ಪೂರ್ತಿ ಸೋಲು. ಜೈಲಿನಲ್ಲಿದ್ದ ಒಬ್ಬರೂ ಅವರ ತೀರ್ಪಿನಿಂದ ಹೊರಗೆ ಬರಲಿಲ್ಲ. ಆದರೆ 1978ರಲ್ಲಿ ಸಂಸತ್ತು 44ನೇ ತಿದ್ದುಪಡಿ ತಂದು, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಹಕ್ಕನ್ನು (21 ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು) ಅಮಾನತು ಮಾಡುವಂತಿಲ್ಲ ಅಂತ ಮಾಡಿತು. 2017ರಲ್ಲಿ ಖಾಸಗಿತನದ ಕೇಸಿನ ತೀರ್ಪು ಬಂತು, ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರಲ್ಲಿ ಒಂಬತ್ತು ಜನರ ಪೀಠ 1976ರ ಬಹುಮತದ ತೀರ್ಪನ್ನು ತಪ್ಪು ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ರದ್ದು ಮಾಡಿತು, ಖನ್ನಾ ಹೇಳಿದ್ದು ಸರಿ ಅಂದಿತು. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್. 1976ರ ಬಹುಮತದಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಇದ್ದರು.

ಖನ್ನಾ ತಮ್ಮ ತೀರ್ಪಿನ ಕೊನೆಯಲ್ಲಿ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಾತನ್ನು ನೆನೆದಿದ್ದರು. ಕೊನೆಯ ಕೋರ್ಟಿನ ಭಿನ್ನ ತೀರ್ಪು ಮುಂದೆ ಬರುವ ಯಾವುದೋ ದಿನದ ವಿವೇಕಕ್ಕೆ ಸಲ್ಲಿಸಿದ ಅಪೀಲು ಅನ್ನೋದು ಅದರ ಸಾರ. ಸುಪ್ರೀಂ ಕೋರ್ಟಿನ ಮೇಲೆ ಇನ್ನೊಂದು ಕೋರ್ಟಿಲ್ಲ, ಅಪೀಲು ಹೋಗಬೇಕಾದರೆ ಮುಂದಿನ ಕಾಲಕ್ಕೇ ಹೋಗಬೇಕು.

ಇಂಥವು ಇನ್ನೂ ಇವೆ. ವಿಚಾರಣೆಯಿಲ್ಲದ ಬಂಧನದ ಮೇಲಿನ 1950ರ ಗೋಪಾಲನ್ ಕೇಸಿನ ಫಜಲ್ ಅಲಿ, ಪೊಲೀಸ್ ಕಣ್ಗಾವಲಿನ ಮೇಲಿನ 1962ರ ಖರಕ್ ಸಿಂಗ್ ಕೇಸಿನ ಸುಬ್ಬರಾವ್, ಇಬ್ಬರ ಅಲ್ಪಮತವೂ ಮುಂದೆ ಕಾನೂನೇ ಆಯಿತು. ಆದರೆ ಒಂದು ಎಚ್ಚರಿಕೆ. ನಾವು ಗೆದ್ದ ಭಿನ್ನಮತಗಳ ಕಥೆಯನ್ನಷ್ಟೇ ಹೇಳಿಕೊಂಡು ಓಡಾಡುತ್ತೇವೆ, ಲಾ ರಿಪೋರ್ಟುಗಳಲ್ಲಿ ಧೂಳು ತಿನ್ನುತ್ತಿರುವ ಭಿನ್ನ ತೀರ್ಪುಗಳೇ ಜಾಸ್ತಿ. ಒಂಟಿಯಾಗಿ ನಿಂತ ಮಾತ್ರಕ್ಕೆ ಸರಿ ಅಂತ ಆಗುವುದಿಲ್ಲ. 1970ರ ಬ್ಯಾಂಕ್ ರಾಷ್ಟ್ರೀಕರಣದ ಕೇಸಿನಲ್ಲಿ ಹನ್ನೊಂದು ಜನರಲ್ಲಿ ಹತ್ತು ಜನ ಒಂದು ಕಡೆ, ಎ.ಎನ್. ರೇ ಒಬ್ಬರೇ ಸರ್ಕಾರದ ಪರ. ಅದೇ ರೇ 1976ರಲ್ಲಿ ಖನ್ನಾ ಎದುರಿನ ಬಹುಮತದ ಮುಂದಾಳು. ಅವರನ್ನು ವೀರ ಅಂತ ಯಾರೂ ಕರೆಯುವುದಿಲ್ಲ.

ಈಗ ನೀವು ಕೇಳಿದ ಕೇಸಿಗೆ ಬರೋಣ. 2023ರ ಜನವರಿ 2ರ ತೀರ್ಪು ಅದು. ಐವರ ಪೀಠದಲ್ಲಿ ಅಬ್ದುಲ್ ನಜೀರ್, ಬೋಪಣ್ಣ, ನಾಗರತ್ನ, ಮೂವರೂ ಕರ್ನಾಟಕ ಹೈಕೋರ್ಟಿನಿಂದ ಹೋದವರು. ನಾಗರತ್ನ ಅವರ ತಂದೆ ಇ.ಎಸ್. ವೆಂಕಟರಾಮಯ್ಯ ನಿಮ್ಮ ಜಿಲ್ಲೆಯವರೇ, ಪಾಂಡವಪುರ ಕಡೆಯವರು, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಬಹುಮತದ ತೀರ್ಪು ಬರೆದದ್ದು ಬಿ.ಆರ್. ಗವಾಯಿ. ತೀರ್ಮಾನ ತೆಗೆದುಕೊಂಡ ರೀತಿಯಲ್ಲಿ ದೋಷ ಇಲ್ಲ ಅಂತ ಅವರು ಹೇಳಿದರು.

ನಾಗರತ್ನ ಏನಂದರು? ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ನಿನ 2ನೇ ಉಪವಿಧಿ ಪ್ರಕಾರ ನೋಟು ರದ್ದತಿಯ ಶಿಫಾರಸು ಬ್ಯಾಂಕಿನ ಕಡೆಯಿಂದ ಹುಟ್ಟಬೇಕು. ಇಲ್ಲಿ ಪ್ರಸ್ತಾವ ಹುಟ್ಟಿದ್ದು ಕೇಂದ್ರ ಸರ್ಕಾರದಲ್ಲಿ. ಸರ್ಕಾರಕ್ಕೆ ಹಾಗೆ ಮಾಡುವ ಅಧಿಕಾರ ಇಲ್ಲ ಅಂತ ಅವರು ಹೇಳಲಿಲ್ಲ. ಮಾಡಬಹುದು, ಆದರೆ ಸಂಸತ್ತಿನ ಕಾನೂನು ಇಲ್ಲವೇ ಸುಗ್ರೀವಾಜ್ಞೆಯ ಮೂಲಕ ಮಾಡಬೇಕು, ಬರೀ ಒಂದು ಗೆಜೆಟ್ ಅಧಿಸೂಚನೆಯಲ್ಲಿ ಆಗುವುದಿಲ್ಲ ಅಂದರು. ಕಡತ ತರಿಸಿಕೊಂಡು ನೋಡಿದ್ದರು. ಕೇಂದ್ರ ಸರ್ಕಾರ ‘ಬಯಸಿದಂತೆ’ ಅನ್ನುವ ಅರ್ಥದ ಮಾತು ರಿಸರ್ವ್ ಬ್ಯಾಂಕಿನ ಕಾಗದದಲ್ಲೇ ಇದ್ದದ್ದನ್ನು ಎತ್ತಿ ತೋರಿಸಿದರು, ಇಡೀ ಪ್ರಕ್ರಿಯೆ 24 ಗಂಟೆಯಲ್ಲಿ ಮುಗಿದದ್ದನ್ನೂ ಬರೆದರು. ಬ್ಯಾಂಕು ಸ್ವತಂತ್ರವಾಗಿ ತಲೆ ಓಡಿಸಿಲ್ಲ ಅನ್ನೋದು ಅವರ ಮಾತು.

ಆದರೆ 500, 1000ದ ಆ ನೋಟುಗಳು ಸತ್ತು ಆರು ವರ್ಷ ಆಗಿತ್ತು. ಅವರೊಬ್ಬರೇ ಅಲ್ಲ, ಐವರೂ ಹಾಗೇ ಬರೆದಿದ್ದರೂ ಗಡಿಯಾರ ಹಿಂದಕ್ಕೆ ತಿರುಗುತ್ತಿರಲಿಲ್ಲ. ಇದು ಅವರಿಗೂ ಗೊತ್ತಿತ್ತು. ಆಗಿಹೋದದ್ದಕ್ಕೆ ಪರಿಹಾರ ಕೊಡಲಾಗದು, ನನ್ನ ಮಾತು ಮುಂದಕ್ಕೆ ಅನ್ವಯಿಸಲಿ ಅಂತ ಅವರೇ ಬರೆದಿದ್ದಾರೆ. ನಿಮ್ಮ ಪ್ರಶ್ನೆ ಇರುವುದು ಇಲ್ಲೇ: ಏನೂ ಸಿಗದಿದ್ದರೆ ಯಾಕೆ ಬರೆಯಬೇಕು? ನನಗೆ ಅನ್ನಿಸೋದು ಇಷ್ಟು. ಅವರು ಬರೆಯದೆ ಸಹಿ ಹಾಕಿದ್ದರೆ ಐದಕ್ಕೈದು ಅಂತ ಆಗುತ್ತಿತ್ತು. ಮುಂದೆ ಯಾವ ಸರ್ಕಾರವಾದರೂ ಅದೇ ದಾರಿ ಹಿಡಿದಾಗ, ಆ ಕಡತದಲ್ಲಿ ಏನಿತ್ತು ಅನ್ನೋದು ತೀರ್ಪಿನೊಳಗೆ ಬಹುಮತ ಓದಿದ ರೀತಿಯಲ್ಲಿ ಮಾತ್ರ ಸಿಗುತ್ತಿತ್ತು. ಈಗ ಎದುರು ವಾದ ಮಾಡುವ ವಕೀಲರಿಗೆ ಕಾಲೂರಲು ಒಂದು ಜಾಗ ಇದೆ. ನಾಗರತ್ನ ಇಲ್ಲಿಗೇ ನಿಲ್ಲಿಸಲಿಲ್ಲ. 2024ರ ಜುಲೈಯಲ್ಲಿ ಗಣಿ ರಾಯಧನದ ಕೇಸು, ಅಕ್ಟೋಬರ್‌ನಲ್ಲಿ ಕೈಗಾರಿಕಾ ಮದ್ಯಸಾರದ ಕೇಸು, ಎರಡರಲ್ಲೂ ಎಂಟು ಜನ ಒಂದು ಕಡೆ, ಅವರೊಬ್ಬರೇ ಇನ್ನೊಂದು ಕಡೆ. ಆ ಎರಡರಲ್ಲಿ ಅವರು ರಾಜ್ಯಗಳ ಹಕ್ಕನ್ನು ಬಹುಮತದಷ್ಟು ಹಿಗ್ಗಿಸಲು ಒಪ್ಪಲಿಲ್ಲ, ಹಾಗಾಗಿ ‘ಕೇಂದ್ರದ ವಿರೋಧಿ’ ಅಂತ ಹಣೆಪಟ್ಟಿ ಹಚ್ಚೋದಕ್ಕೂ ಬರುವುದಿಲ್ಲ.

ಇನ್ನು ಹೆಸರಿನ ಆಸೆ ಇರಲ್ವಾ ಅಂದರೆ, ಇರಬಹುದು, ನ್ಯಾಯಮೂರ್ತಿಗಳೂ ಮನುಷ್ಯರೇ. ಚೆನ್ನಾಗಿ ಬರೆದ ಭಿನ್ನ ತೀರ್ಪು ಬಹುಮತದ್ದಕ್ಕಿಂತ ಓದಲು ರುಚಿ, ಯಾಕಂದರೆ ಬಹುಮತದ ಕರಡು ಎಲ್ಲರ ಕೈ ದಾಟಿ ಬರುವಷ್ಟರಲ್ಲಿ ನೀರು ಹಾಕಿದ ಹಾಲಾಗಿರುತ್ತದೆ, ಒಬ್ಬರೇ ಬರೆಯುವವರಿಗೆ ಆ ಕಾಟ ಇಲ್ಲ. ಪತ್ರಿಕೆಗೆ ಶೀರ್ಷಿಕೆ ಆಗಲಿ ಅಂತಲೇ ಬರೆದ ಸಾಲುಗಳೂ ಅಲ್ಲಲ್ಲಿ ಕಾಣುತ್ತವೆ. ನಾನು ಅಳೆಯೋದು ಒಂದೇ ರೀತಿ: ಮುಂದಿನ ವಕೀಲ ಎತ್ತಿಕೊಂಡು ವಾದ ಮಾಡುವಂಥ ಕಾರಣ ಅದರಲ್ಲಿದೆಯೇ, ಇಲ್ಲಾ ಬರೀ ಸಿಟ್ಟಿದೆಯೇ?

ಇಷ್ಟಾದರೂ ಭಿನ್ನ ತೀರ್ಪು ಅಪರೂಪ. ಯಾಕೆ ಅಪರೂಪ ಅನ್ನೋದೇ ಹೆಚ್ಚು ಸ್ವಾರಸ್ಯ. ಸುಪ್ರೀಂ ಕೋರ್ಟಿನ ಬಹುಪಾಲು ಕೇಸುಗಳನ್ನು ಇಬ್ಬರೇ ಕೇಳುತ್ತಾರೆ. ಇಬ್ಬರಲ್ಲಿ ಒಬ್ಬರು ಒಪ್ಪದಿದ್ದರೆ ಅಲ್ಲಿ ಬಹುಮತವೇ ಇಲ್ಲ, ಕೇಸು ಮುಖ್ಯ ನ್ಯಾಯಮೂರ್ತಿಯ ಬಳಿಗೆ ಹೋಗಿ ಹೊಸ ಪೀಠ ರಚನೆಯಾಗಿ ಮತ್ತೆ ಮೊದಲಿಂದ ಶುರು. ಹಿಜಾಬ್ ಕೇಸು ಹಾಗೇ ಆಯಿತು. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟಿನ ಮೂವರೂ ಒಂದೇ ತೀರ್ಪು ಕೊಟ್ಟಿದ್ದರು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಹೇಮಂತ್ ಗುಪ್ತಾ ಒಂದು ಕಡೆ, ಸುಧಾಂಶು ಧೂಲಿಯಾ ಇನ್ನೊಂದು ಕಡೆ, ಕೇಸು ದೊಡ್ಡ ಪೀಠದ ದಾರಿ ಹಿಡಿಯಿತು. ಜಮೀನು ವ್ಯಾಜ್ಯಕ್ಕೋ ಸೇವಾ ಹಿರಿತನದ ಜಗಳಕ್ಕೋ ಅಷ್ಟು ದೂರ ಎಳೆಯಲು ಯಾರಿಗೆ ಮನಸ್ಸು ಬರುತ್ತದೆ? ಹೂಂ ಅಂದುಬಿಡುತ್ತಾರೆ. ಕೆಲಸದ ಹೊರೆ ಇನ್ನೊಂದು. ಒಪ್ಪಿದರೆ ಒಂದು ಸಹಿ, ಒಪ್ಪದಿದ್ದರೆ ವಾರಗಟ್ಟಲೆ ಕೂತು ಬರೆಯಬೇಕು. ಅದೂ ಅಲ್ಲದೆ ಬಹುಮತದವರು ಈ ಟೀಕೆಗೆ ಉತ್ತರ ಸೇರಿಸಲು ತಮ್ಮದನ್ನೂ ತಿದ್ದಬೇಕು, ನಾಳೆ ಬೆಳಿಗ್ಗೆ ಅವರ ಪಕ್ಕದಲ್ಲೇ ಕೂರಬೇಕು. ಅಮೆರಿಕದಲ್ಲಿ ರಿಚರ್ಡ್ ಪೋಸ್ನರ್ ಅನ್ನುವ ನ್ಯಾಯಾಧೀಶರೂ ಅವರ ಜೊತೆಗಾರರೂ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಕೇಸಿನ ಹೊರೆ ಹೆಚ್ಚಿದ ಕಡೆ, ಕೋರ್ಟು ಚಿಕ್ಕದಿರುವ ಕಡೆ ಭಿನ್ನಮತ ಕಮ್ಮಿ. ದಿನಾ ಮುಖ ನೋಡುವವರ ಜೊತೆ ಮುನಿಸು ಕಟ್ಟಿಕೊಳ್ಳೋದು ಎಲ್ಲ ಕಡೆಯೂ ಕಷ್ಟವೇ.

ಮರ್ಯಾದೆಯ ಮಾತು ಕೇಳಿದಿರಿ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಹಾಕಿದ ಕೇಶವಾನಂದ ಭಾರತಿ ಕೇಸು ನೋಡಿ. 1973ರ ಏಪ್ರಿಲ್ 24ರಂದು ಹದಿಮೂರು ಜನರ ಪೀಠ ಏಳು–ಆರು ಅಂತ ಒಡೆಯಿತು. ಹನ್ನೊಂದು ತೀರ್ಪುಗಳು. ಬಹುಮತದ ಅಭಿಪ್ರಾಯ ಇದು ಅಂತ ಒಂದು ಸಾರಾಂಶದ ಹಾಳೆ ಮಾಡಿದರೆ ಅದಕ್ಕೂ ಸಹಿ ಹಾಕಿದ್ದು ಒಂಬತ್ತೇ ಜನ. ಇಷ್ಟು ಒಡಕಿದ್ದ ತೀರ್ಪಿನ ಮೇಲೇ ಸಂವಿಧಾನದ ಮೂಲ ಸ್ವರೂಪದ ತತ್ವ, ಅಂದರೆ ಸಂಸತ್ತು ಸಂವಿಧಾನ ತಿದ್ದಬಹುದು ಆದರೆ ಅದರ ಬುನಾದಿ ಕೆಡಿಸುವಂತಿಲ್ಲ ಅನ್ನೋದು, ಇವತ್ತಿಗೂ ನಿಂತಿದೆ. ಕೋರ್ಟಿಗೆ ಆಗ ಪೆಟ್ಟು ಬಿದ್ದದ್ದು ಒಡಕಿನಿಂದ ಅಲ್ಲ. ಮರುದಿನವೇ ಶೆಲಟ್, ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ, ಗ್ರೋವರ್, ಈ ಮೂವರ ಹಿರಿತನ ಬದಿಗಿಟ್ಟು ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದರಿಂದ.

ಹಾಗಂತ ಎಲ್ಲ ಕಡೆ ಬೇರೆ ಬರೆಯಬೇಕು ಅಂತ ನಾನು ಹೇಳುತ್ತಿಲ್ಲ. ಮಂಡ್ಯದವರಿಗೆ ಕಾವೇರಿಗಿಂತ ಒಳ್ಳೆ ಉದಾಹರಣೆ ಬೇಕೇ? 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ಮೂವರ ಪೀಠ ನಮ್ಮ ಪಾಲನ್ನು 270 ಟಿಎಂಸಿಯಿಂದ 284.75ಕ್ಕೆ ಏರಿಸಿತು. ಮೂವರದೂ ಒಂದೇ ತೀರ್ಪು. ಅಲ್ಲಿ ಒಬ್ಬರು ‘ಕರ್ನಾಟಕಕ್ಕೆ ಇನ್ನೂ 20 ಟಿಎಂಸಿ ಸಿಗಬೇಕಿತ್ತು’ ಅಂತಲೋ ‘ಏರಿಸಿದ್ದೇ ತಪ್ಪು’ ಅಂತಲೋ ಬೇರೆ ಬರೆದಿದ್ದರೆ ಏನಾಗುತ್ತಿತ್ತು ಯೋಚಿಸಿ. ಆ ಪುಟ ಮಂಡ್ಯದ ಸಂಜಯ ವೃತ್ತದಲ್ಲಿ ಬ್ಯಾನರ್ ಆಗುತ್ತಿತ್ತು, ಇಲ್ಲಾ ತಂಜಾವೂರಿನಲ್ಲಿ. ನೀರಿನ ಅಂಕಿ ಅನ್ನೋದು ಹಕ್ಕಿನ ಪ್ರಶ್ನೆಯ ಹಾಗಲ್ಲ, ಅದನ್ನು ಎಲ್ಲೋ ಒಂದು ಕಡೆ ನಿಲ್ಲಿಸಬೇಕು, ನಾಳೆಯಿಂದಲೇ ಗೇಟು ಎತ್ತಬೇಕು. 2019ರ ಅಯೋಧ್ಯೆ ತೀರ್ಪಿನಲ್ಲಿ ಐವರೂ ಒಂದೇ ದನಿಯಲ್ಲಿ ಬರೆದು, ಬರೆದವರು ಯಾರು ಅನ್ನೋ ಹೆಸರನ್ನೂ ಹಾಕಲಿಲ್ಲ. ಅಲ್ಲಿಯೂ ಲೆಕ್ಕಾಚಾರ ಇದೇ ಇದ್ದಿರಬೇಕು. ಆದರೆ ಅಲ್ಲಿ ಯಾರ ಕಾರಣ ಯಾವುದು ಅಂತ ಓದುಗನಿಗೆ ತಿಳಿಯದೇ ಹೋದದ್ದು ನನಗೆ ಸರಿಬರುವುದಿಲ್ಲ.

ಕೋರ್ಟಿನ ಆಚೆ ಬಂದರೆ ಚಿತ್ರ ಬೇರೆಯೇ. 2019ರ ಲೋಕಸಭಾ ಚುನಾವಣೆಯಲ್ಲಿ ಪ್ರಧಾನಿಯವರ ಭಾಷಣಗಳ ಮೇಲಿನ ನೀತಿ ಸಂಹಿತೆ ದೂರುಗಳಲ್ಲಿ ಚುನಾವಣಾ ಆಯೋಗದ ಮೂವರಲ್ಲಿ ಅಶೋಕ್ ಲವಾಸಾ ಒಬ್ಬರು ಒಪ್ಪಲಿಲ್ಲ. ನನ್ನ ಭಿನ್ನಮತವನ್ನು ಆದೇಶದಲ್ಲೇ ಸೇರಿಸಿ ಅಂತ ಕೇಳಿದರು. ಮೇ 21ರಂದು ಆಯೋಗ ಬಹುಮತದಿಂದ ತೀರ್ಮಾನಿಸಿತು: ಭಿನ್ನಮತ ಕಡತದಲ್ಲಿ ಇರುತ್ತದೆ, ಆದೇಶದಲ್ಲಿ ಬರುವುದಿಲ್ಲ. ಸರಿ, ಗುಟ್ಟಾಗಿ ಉಳಿಯಿತೇ? ಇಲ್ಲ. ಅವರು ಒಪ್ಪಿಲ್ಲ ಅನ್ನೋದು ದೇಶಕ್ಕೆಲ್ಲ ಗೊತ್ತಾಯಿತು, ಯಾಕೆ ಒಪ್ಪಲಿಲ್ಲ ಅನ್ನೋದು ಮಾತ್ರ ಗೊತ್ತಾಗಲಿಲ್ಲ. ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂನಲ್ಲೂ ಇದೇ ಕಥೆ. 2025ರ ಆಗಸ್ಟ್‌ನಲ್ಲಿ ಒಂದು ಶಿಫಾರಸಿಗೆ ನಾಗರತ್ನ ಒಪ್ಪಿಲ್ಲ ಅಂತ ಪತ್ರಿಕೆಗಳು ಬರೆದವು, ಕೋರ್ಟು ಪ್ರಕಟಿಸಿದ ಹೇಳಿಕೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಮುಚ್ಚಿಟ್ಟ ಭಿನ್ನಮತ ಗಾಳಿಸುದ್ದಿಯಾಗಿ ಹೊರಗೆ ಬರುತ್ತದೆ, ಕಾರಣಗಳು ಒಳಗೇ ಉಳಿಯುತ್ತವೆ. ಮರ್ಯಾದೆ ಹೋಗೋದು ಹೀಗೆ.

ನಿಮ್ಮ ಸಂಘದ ವಿಚಾರಕ್ಕೂ ಒಂದು ಮಾತು. ಕಂಪನಿಗಳಲ್ಲಿ ಒಂದು ನಿರ್ಣಯಕ್ಕೆ ಒಪ್ಪದ ನಿರ್ದೇಶಕರ ಹೆಸರು ನಡಾವಳಿಯಲ್ಲಿ ಬರಲೇಬೇಕು, ಕಂಪನಿ ಕಾಯ್ದೆಯ 118ನೇ ಸೆಕ್ಷನ್ ಹಾಗಂತ ಹೇಳುತ್ತದೆ. ನಿಮ್ಮದು ಸಹಕಾರ ಸಂಘ, ಕಾಯ್ದೆ ಬೇರೆ, ಬೈಲಾ ತೆಗೆದು ನೋಡಿ. ಆದರೆ ‘ನನ್ನ ವಿರೋಧ ದಾಖಲಿಸಿ’ ಅಂತ ಸಭೆಯಲ್ಲೇ ಹೇಳಿ, ಎರಡು ಸಾಲಿನ ಕಾರಣ ಬರೆದು ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳೋದಕ್ಕೆ ಯಾರ ಅಪ್ಪಣೆಯೂ ಬೇಡ. ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದಾಗ ‘ನಾನು ಅವತ್ತೇ ಬೇಡ ಅಂದಿದ್ದೆ’ ಅನ್ನೋ ಬಾಯಿಮಾತಿಗಿಂತ ಆ ಚೀಟಿ ಕೆಲಸಕ್ಕೆ ಬರುತ್ತದೆ. ಎಲ್ಲದಕ್ಕೂ ಬೇಡ. ಬಲ್ಬ್ ಖರೀದಿಗೆಲ್ಲ ವಿರೋಧ ಬರೆಸಿದರೆ, ದೊಡ್ಡ ವಿಷಯ ಬಂದಾಗ ನಿಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮಗಳಿಗೆ ಓದಲು ಹೇಳುವುದಾದರೆ ನೋಟು ರದ್ದತಿಯದ್ದರಿಂದಲೇ ಶುರು ಮಾಡಲಿ, ಆದರೆ ಮೊದಲು ಗವಾಯಿ ಅವರದ್ದು, ಆಮೇಲೆ ನಾಗರತ್ನ ಅವರದ್ದು. ಬಹುಮತದವರು ಏನಂದರು ಅಂತ ಭಿನ್ನ ತೀರ್ಪಿನಿಂದ ತಿಳಿದುಕೊಳ್ಳಲು ಹೋಗೋದು ಹುಡುಗರ ಮಾಮೂಲಿ ತಪ್ಪು. ಆಮೇಲೆ ಖನ್ನಾ. ಅದು ಉದ್ದ ಇದೆ, ಹಳೆ ಕೇಸುಗಳ ಚರ್ಚೆ ಬಂದಲ್ಲಿ ಬೇಕಿದ್ದರೆ ಹಾರಿಸಲಿ. ಇಬ್ಬರೂ ಬಹುಮತದ ಯಾವ ಮಾತಿಗೆ ಉತ್ತರ ಕೊಡದೆ ಬಿಟ್ಟಿದ್ದಾರೆ ಅಂತ ಪಟ್ಟಿ ಮಾಡಿ ನಿಮಗೆ ವಿವರಿಸಲಿ. ಊಟದ ಹೊತ್ತಿಗೆ ನಿಮ್ಮಿಬ್ಬರ ವಾದಕ್ಕೆ ಒಳ್ಳೆ ಸರಕು ಸಿಗುತ್ತದೆ.